ಇನ್ನೆರಡು ಸುತ್ತು

ಕಾಲು ಉಳುಕಿದ ಐರಿನ್ ಆರು ವಾರ ಕಬಡ್ಡಿ ಆಡಬಾರದೆಂದು ಮಣಿಪಾಲದ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಗೇರುಬೀಜ ಕಾರ್ಖಾನೆಯ ಮೆನೇಜರು ಮಡಚಿ ಕಿಸೆಗೆ ಹಾಕಿಕೊಂಡರು. "ಕಾಪುವಿನ ಫೈನಲ್ ಮುಗಿಯಲಿ, ಆಮೇಲೆ ಓದುವ. ಸೋಫಿಯಾ, ಪ್ಲಾಸ್ಟರ್ ಸುತ್ತು."

ಕಾರ್ಖಾನೆಯ ತಂಡದ ಹೆಣ್ಣುಮಕ್ಕಳ ಕಾಲನ್ನು ಗಂಡಸು ಕೋಚ್ ಮುಟ್ಟಬಾರದೆಂದು ಅಂಟುಪಟ್ಟಿ ಸುತ್ತುವ ಕೆಲಸಕ್ಕೆ ಸೋಫಿಯಾಳನ್ನು ಇಟ್ಟುಕೊಂಡಿದ್ದರು. ಹಿಂದೆ ಅವಳೂ ತಂಡದಲ್ಲಿದ್ದಾಗ ಅವಳ ಉಳುಕಿದ ಕಾಲಿಗೂ ನಾಲ್ಕು ವರ್ಷ ಹೀಗೆಯೇ ಸುತ್ತಿ ಆಡಿಸಿದ್ದರು. ಈಗ ಅವಳು ಸಮನೆಲದಲ್ಲೂ ಗೋಡೆ ಹಿಡಿದು ನಡೆಯುತ್ತಾಳೆ. ಪಟ್ಟಿ ಕಾಲನ್ನು ಆಟ ಮುಗಿಯುವವರೆಗೆ ಹಿಡಿದು ನಿಲ್ಲಿಸುತ್ತಿತ್ತು. ಗುಣಪಡಿಸುವ ಹಂಗು ಅದಕ್ಕೂ ಇರಲಿಲ್ಲ, ಕಾರ್ಖಾನೆಗೂ ಇರಲಿಲ್ಲ. ಸೋಫಿಯಾ ಐರಿನ್‌ಳ ಹಿಮ್ಮಡಿಯನ್ನು ಮಡಿಲಲ್ಲಿಟ್ಟು ಮೆಲ್ಲಗೆ ಒಳಕ್ಕೆ ಹೊರಳಿಸಿದಳು. ಕೊಂಡಿ ಕಳಚಿದ ಕಿಟಕಿಯ ಹಾಗೆ ಪಾದ ಎಲ್ಲೂ ತಡೆಯದೆ ಹೊರಳಿತು.

"ಸುತ್ತಿಬಿಡಿ ಸೋಫಿಯಕ್ಕ," ಎಂದಳು ಐರಿನ್. "ಆಡದಿದ್ದರೆ ನನ್ನನ್ನು ಪುನಃ ಬೀಜ ಒಡೆಯಲು ಕೂರಿಸುತ್ತಾರೆ. ಆ ಸಿಪ್ಪೆಯ ಎಣ್ಣೆಗೆ ಕೈ ಸುಡುವುದಕ್ಕಿಂತ ಕಾಲು ನೋಯುವುದೇ ವಾಸಿ ಅಲ್ವಾ?"

"ಎಂತ ಮಾರಾಯ್ತಿ, ಮದುಮಗಳ ಶೃಂಗಾರವಾ ಇದು?" ಮೆನೇಜರು ನಕ್ಕರು. "ಬೇಗ ಆಗಲಿ. ಇನ್ನೆರಡು ಸುತ್ತು ಜಾಸ್ತಿಯೇ ಹಾಕು. ನೀನೂ ಆಡಿದ್ದೀಯಲ್ಲ, ಸತ್ತುಹೋದೆಯಾ?"

ಸೋಫಿಯಾ ಹರಿದಿಟ್ಟಿದ್ದ ಪಟ್ಟಿಗಳನ್ನೆಲ್ಲ ಬಾಚಿ ಅಂಗೈಯಲ್ಲಿ ಉಂಡೆ ಕಟ್ಟಿದಳು. ಅಂಟಿಗೆ ಅಂಟು ಕಚ್ಚಿಕೊಂಡು ಅವು ಇನ್ನು ಬಿಡಿಸಲು ಬಾರದಂತಾದವು. ಐರಿನ್ ಅವಳ ಕೈ ಹಿಡಿಯಲು ನೋಡಿದಳು, ಆಗಲಿಲ್ಲ.

"ಇಲ್ಲ ಸಾರ್," ಎಂದಳು ಸೋಫಿಯಾ. "ಈ ಕಾಲಿಗೆ ನಾನು ಸುತ್ತುವುದಿಲ್ಲ."