ಸಾಲಿನಲ್ಲಿ ದಾಟಿಹೋದ ನಂಬರು

ಮೇಲೆ 100245, ಅದರ ಕೆಳಗೆ 98731. ಚಹಾದ ಲೋಟ ಬಾಯಿಗಿಟ್ಟಿದ್ದ ಸುಷ್ಮಾ ಅದನ್ನು ಹಾಗೇ ಕೆಳಗಿಟ್ಟಳು. ಲಕ್ಷ ದಾಟಿದ ನಂಬರಿನ ಕೆಳಗೆ ಲಕ್ಷ ಮುಟ್ಟದ ನಂಬರು! ಅನಿಲ ಸೋರುವ ರೆಗ್ಯುಲೇಟರುಗಳದೆಂದು ಕಂಪನಿ ಕಳಿಸಿದ ಪಟ್ಟಿ ಅದು. "ಜೋಡಿಸಿಯೇ ಕಳಿಸಿದ್ದೇವೆ" ಎಂದಿದ್ದರು, ಇವಳು ನಂಬಿದ್ದಳು. ಜೋಡಿಸಿದ್ದೇನೋ ನಿಜವೇ. ಆದರೆ ನಿಘಂಟಿನಲ್ಲಿ ಪದ ಜೋಡಿಸುವಂತೆ, ಮೊದಲ ಅಂಕಿ ನೋಡಿಕೊಂಡು. ಒಂದರಿಂದ ಶುರುವಾಗುವವೆಲ್ಲ ಮುಂದೆ, ಒಂಬತ್ತರವು ಹಿಂದೆ.

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ಆ ಗ್ಯಾಸ್ ಏಜೆನ್ಸಿಯಲ್ಲಿ ಕಂಪ್ಯೂಟರಿನ ಕೆಲಸವೆಲ್ಲ ಅವಳದೇ. ಬೆಳಿಗ್ಗೆ ಬಂದವಳೇ ಕಂಪನಿಯ ನಂಬರುಗಳನ್ನೂ ತಮ್ಮ ಗ್ರಾಹಕರ ರೆಗ್ಯುಲೇಟರ್ ನಂಬರುಗಳನ್ನೂ ಎರಡು ಸಾಲು ಮಾಡಿ, ಎರಡರಲ್ಲೂ ಇರುವುದನ್ನು ಹೆಕ್ಕಿಕೊಡುವ, ಬೇರೆ ಯಾರೋ ಮೊದಲೇ ಬರೆದಿಟ್ಟ ರೆಡಿಮೇಡ್ ಪ್ರೋಗ್ರಾಮಿಗೆ ಒಪ್ಪಿಸಿದ್ದಳು. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಬಂತು. ಸಿಕ್ಕ ಮನೆಗಳಿಗೆ ಹೊಸ ರೆಗ್ಯುಲೇಟರ್ ಹೊತ್ತು ಗಾಡಿ ಹೋಯಿತು. ಉಳಿದವರಿಗೆಲ್ಲ "ನಿಮ್ಮ ರೆಗ್ಯುಲೇಟರ್ ಸುರಕ್ಷಿತ, ಧೈರ್ಯವಾಗಿ ಬಳಸಿ" ಎಂಬ ಮೆಸೇಜು ಹೋಯಿತು. ಆ ಮಾತು ಬರೆದವಳೂ ಅವಳೇ, ಗುಂಡಿ ಒತ್ತಿದವಳೂ ಅವಳೇ.

"ಸರ್, ತಪ್ಪಾಗೈತ್ರೀ!"

ಮ್ಯಾನೇಜರ್ ಚೌಡೇಶ್ ಫೋನಿನಿಂದ ತಲೆ ಎತ್ತದೆ ನಕ್ಕ. "ಕಂಪ್ಯೂಟರ್ ಎಲ್ಲಾದ್ರೂ ತಪ್ಪು ಮಾಡ್ತೈತೇನು?"

"ಅದು ಎರಡೂ ಸಾಲಿನ ಮ್ಯಾಲೆ ಒಂದೊಂದು ಬೆರಳಿಟ್ಕಂಡು ಹೋಗ್ತೈತ್ರಿ. ಯಾವ ಬೆರಳಿನ ಕೆಳಗೆ ಸಣ್ಣ ನಂಬರ್ ಐತೋ ಆ ಬೆರಳು ಮುಂದಕ್ಕೆ ಸರೀತೈತೆ. ಹಿಂದಕ್ಕೆ ತಿರುಗಿ ನೋಡಂಗೇ ಇಲ್ಲ. ಕಂಪನಿ ಸಾಲಿನಾಗೆ ಲಕ್ಷದ್ದು ಮೊದ್ಲೇ ಬಂದು ಕುಂತೈತೆ. ಅದನ್ನ ಮುಟ್ಟಾಕೆ ನಮ್ಮ ಸಾಲಿನ ಬೆರಳು ಸಣ್ಣ ನಂಬರೆಲ್ಲಾ ದಾಟಿಬಿಟ್ಟೈತೆ."

"ಸಾಲು ತಪ್ಪಿದ್ರೆ ಅದು ಹೇಳಬೇಕಿತ್ತಲ್ಲ?"

"ಹೇಳಂಗಿಲ್ರೀ. ಸಾಲು ಸರಿ ಐತೆ ಅಂತ ನಂಬ್ಕಂಡೇ ಹೋಗ್ತೈತೆ. ಲಕ್ಷದೊಳಗಿನ ನಂಬರಿನ ಒಂದು ಮನೀನೂ ಸಿಕ್ಕಿಲ್ಲ ಸರ್. ಅವರಿಗೆಲ್ಲಾ ಸುರಕ್ಷಿತ ಅಂತ ಕಳಿಸೀನಿ."

ಚೌಡೇಶ್ ಫೋನು ಬದಿಗಿಟ್ಟು ಎದ್ದು ನಿಂತ. ಸುಷ್ಮಾ ಕಂಪನಿಯ ಸಾಲನ್ನು ಸಣ್ಣದರಿಂದ ದೊಡ್ಡದಕ್ಕೆ ಹೊಸದಾಗಿ ಜೋಡಿಸಿ ಮತ್ತೆ ಓಡಿಸಿದಳು. ಹೆಸರುಗಳು ಪರದೆಯ ಮೇಲೆ ಬುಳಬುಳನೆ ಉದುರಿದವು. ಅಡುಗೆಯ ಹೊತ್ತು ಬೇರೆ! ಇಬ್ಬರೂ ಆ ಮನೆಗಳಿಗೆಲ್ಲ ಫೋನು ಹಚ್ಚತೊಡಗಿದರು. ಒಬ್ಬಾತ ಬಾಯಿಗೆ ಬಂದಂತೆ ಬೈದ. ಇನ್ನೊಬ್ಬಾಕೆ ಬೀಗ ಹಾಕಿ ಹೊಲಕ್ಕೆ ಹೋಗಿದ್ದಳು. ದೇವರು ದೊಡ್ಡವನು ಎಂದುಕೊಂಡರು. ಕೊನೆಗೆ ಉಳಿದದ್ದು ಒಂದೇ ಮನೆ. ಹರಿಹರದ ತಿಮ್ಮವ್ವ.

ಫೋನು ರಿಂಗಾಗಿ ರಿಂಗಾಗಿ ನಿಂತಿತು. ಮತ್ತೆ ಹಚ್ಚಿದಳು. ಮತ್ತೆ ನಿಂತಿತು. ದಾವಣಗೆರೆಯವರಿಗೆ ಹರಿಹರವೆಂದರೆ ಕೂಗಳತೆ; ಆವತ್ತು ಅದು ಕಾಶಿಗಿಂತ ದೂರವಾಗಿತ್ತು. ಗಾಡಿ ಅತ್ತ ಹೊರಟಿದೆ ಎಂದು ಚೌಡೇಶ್ ಹೇಳಿದ್ದು ಅವಳ ಕಿವಿಗೆ ಬೀಳಲಿಲ್ಲ. ಕಾಣದ ಮುದುಕಿಯೊಬ್ಬಳು ಒಲೆಯ ಮುಂದೆ ಬಗ್ಗುವುದೇ ಕಣ್ಣಿಗೆ ಕಟ್ಟುತ್ತಿತ್ತು. "ಎತ್ತೇ ನಮ್ಮವ್ವ, ಎತ್ತೇ," ಎನ್ನುತ್ತ ಇನ್ನೊಮ್ಮೆ ಹಚ್ಚಿದಳು.

"ಹಲೋ, ಯಾರವ್ವಾ? ಹಿತ್ತಲಾಗಿದ್ದೆ."

"ಅಮ್ಮಾ, ಗ್ಯಾಸ್ ಆಫೀಸಿಂದ ರೀ. ಒಲಿ ಹಚ್ಚೀರೇನು?"

"ಎಲ್ಲಿ ಹಚ್ಚಲವ್ವಾ! ಮುಂಜಾನಿಂದ ಗಬ್ಬಂತ ಗ್ಯಾಸಿನ ವಾಸನಿ. ಹೆದರಿ ಮುಟ್ಟೇ ಇಲ್ಲ, ಬರೇ ಹೊಟ್ಟೀಲೆ ಕುಂತಿದ್ದೆ. ಈಗ ಮೊಮ್ಮಗಳು ಮೆಸೇಜ್ ಓದಿ ಹೇಳಿದ್ಲು, ಏನೂ ಭಯ ಇಲ್ಲಂತೆ, ಆಫೀಸಿನೋರೇ ಬರದಾರೆ ಅಂತ. ಲೈಟರ್ ಕೈಯಾಗೇ ಐತೆ ನೋಡು."

"ಹಚ್ಚಬ್ಯಾಡ್ರೀ! ಅದು ತಪ್ಪು ಮೆಸೇಜು! ಲೈಟರ್ ಕೆಳಗಿಡ್ರಿ, ಸ್ವಿಚ್ ಮುಟ್ಟಬ್ಯಾಡ್ರಿ, ಬಾಗಿಲು ತೆಗೆದು ಎಲ್ಲಾರೂ ಹೊರಗೆ ಬರ್ರಿ!" ಸುಷ್ಮಾ ಕಿರುಚಿದಳು.

ಆ ಕಡೆಯಿಂದ ಅನುಮಾನದ ದನಿ ಕೇಳಿತು.

"ಅಲ್ಲವ್ವಾ, ಭಯ ಇಲ್ಲ ಅಂದೋರೂ ಆಫೀಸಿನೋರು, ಹಚ್ಚಬ್ಯಾಡ ಅನ್ನೋರೂ ಆಫೀಸಿನೋರು. ಫೋನಿನಾಗೆ ಯಾರ್ಯಾರೋ ಮೋಸ ಮಾಡ್ತಾರಂತೆ ಈಗ. ಆ ಮೆಸೇಜಾದ್ರೂ ಬರದು ಕಳಿಸಿದ ಮಾತು. ನಾನು ಯಾವುದನ್ನ ನಂಬ್ಲಿ?"

ಎರಡು ಮಾತೂ ತನ್ನವೇ ಎಂದು ಹೇಳಲು ಸುಷ್ಮಾಳಿಗೆ ಬಾಯಿ ಬರಲಿಲ್ಲ.

"ಎರಡೂ ಬ್ಯಾಡ್ರಿ ಅಮ್ಮಾ," ಎಂದಳು ಅಳುತ್ತ. "ನಿಮ್ಮ ಮೂಗನ್ನ ನಂಬ್ರಿ."