ಹೊಸಬರಿಗೆ ಹೇಳದ ಪಿಕ್ಚರ್

"ಭಾನುವಾರದೊಳಗೆ ನಾನು ಅನಿಮೆ ಕಲೀಬೇಕು," ಅಂದ ಚಿದಾನಂದ್, ಬೈ-ಟು ಕಾಫಿಯ ಒಂದು ಲೋಟವನ್ನು ಮೇಘಶ್ರೀಯ ಕಡೆ ತಳ್ಳುತ್ತ. "ಅವತ್ತು ನೋಡೋಕೆ ಹೋಗ್ತಿರೋ ಕತ್ರಿಗುಪ್ಪೆ ಹುಡುಗಿ ಬಯೋಡೇಟಾದಲ್ಲಿ ಹವ್ಯಾಸ ಅಂತ ಅದೊಂದನ್ನೇ ಬರ್ದಿದಾಳೆ. ಮಾತಾಡ್ಕೊಳ್ಳಿ ಅಂತ ಮಹಡಿ ಮೇಲೆ ಕಳಿಸ್ದಾಗ ಲೈಟ್ ಕಂಬದ ಥರ ನಿಂತ್ಕೋಬೇಡ ಅಂತ ಅಮ್ಮ ಈಗ್ಲೇ ಹೇಳಿದಾರೆ."

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಅವನದು ತಾತನ ಕಾಲದ ಪಾತ್ರೆ ಅಂಗಡಿ. ಅವಳು ಪಕ್ಕದ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿರುವವಳು. ಸಂಜೆಯಾದರೆ ಎದುರಿನ ದರ್ಶಿನಿಯಲ್ಲಿ ಇಬ್ಬರಿಗೂ ಸೇರಿ ಒಂದು ಕಾಫಿ. ತಲೆಗೊಂದು ಕಾಫಿ ಕುಡಿಯಲಾರದಷ್ಟು ಗತಿಗೆಟ್ಟವರೇನಲ್ಲ, ಹಂಚಿಕೊಂಡು ಕುಡಿಯುವುದು ರೂಢಿಯಾಗಿಬಿಟ್ಟಿತ್ತು. ಆ ಅರ್ಧ ಲೋಟಕ್ಕಾಗಿ ಮೇಘಶ್ರೀ ಬೆಳಗಿನಿಂದ ಕಾಯುತ್ತಾಳೆ ಎಂಬುದು ಚಿದಾನಂದನಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ ಅವಳು ನಡೆದುಕೊಂಡಿರಲೂ ಇಲ್ಲ.

ಅನಿಮೆ ಎನ್ನುವ ಜಪಾನಿನ ಆ ಸೀರೀಸು, ಸಿನಿಮಾಗಳ ಹುಚ್ಚು ಅವಳಿಗೆ ಕಾಲೇಜಿನಿಂದಲೂ ಇತ್ತು. "ಇದೇನೇ, ಇನ್ನೂ ಕಾರ್ಟೂನ್ ನೋಡೋ ವಯಸ್ಸಾ ನಿಂದು?" ಎಂದು ರೇಗಿಸುತ್ತಿದ್ದವನೂ ಇವನೇ. ಈಗ ಇನ್ನೊಬ್ಬಳಿಗೋಸ್ಕರ ಅದನ್ನೇ ಕೇಳಿಕೊಂಡು ಬಂದಿದ್ದ. ಮೇಘಶ್ರೀಗೆ ಬಿಸಿ ತುಪ್ಪ ಬಾಯಿಗೆ ಬಿದ್ದಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ.

"ಹೊಸಬರಿಗೆ ಏನು ಹೇಳ್ತಾರೆ ಸಾಮಾನ್ಯವಾಗಿ?"

"ಮೊದಲು ಹೊಡೆದಾಟದ್ದು. ಆಮೇಲೆ ಸ್ಕೂಲ್ ಹುಡುಗರ ಕಾಮಿಡಿ. ಅಳಿಸೋದೆಲ್ಲ ಕೊನೇಲಿ. ಊಟಕ್ಕೆ ಕೂತ ತಕ್ಷಣ ಯಾರೂ ಮೊಸರನ್ನ ಬಡಿಸಲ್ವಲ್ಲ, ಹಾಗೆ."

ಏನು ಹೇಳಿದರೂ ಈ ಪುಣ್ಯಾತ್ಮ ಕಣ್ಣುಮುಚ್ಚಿಕೊಂಡು ನೋಡುತ್ತಾನೆ. ವರ್ಷಗಟ್ಟಲೆ ಎಳೆದರೂ ಮುಗಿಯದ ಒಂದು ಸೀರೀಸಿನ ಹೆಸರು ಹೇಳಿಬಿಟ್ಟರೆ ಸಾಕು, ನಿದ್ದೆಗೆಟ್ಟು ಹೋಗಿ ಭಾನುವಾರ ಆ ಮಹಡಿಯ ಮೇಲೆ ಆಕಳಿಸಿಕೊಂಡು ನಿಂತಿರುತ್ತಾನೆ. ಸಂಬಂಧ ಅಲ್ಲಿಗೇ ಮುರಿದುಬೀಳುತ್ತದೆ. ಹೆಸರು ಅವಳ ನಾಲಿಗೆಯ ತುದಿಗೂ ಬಂದಿತ್ತು. ಆದರೆ ಬಾಯಿಂದ ಹೊರಟಿದ್ದು ಬೇರೆ.

"ಒಂದು ಪಿಕ್ಚರ್ ಇದೆ. ಹೊಳೆ ದಂಡೆ, ದೋಣಿಗೆ ಕಾಯೋರಿಗೆ ಟೀ ಕಾಸಿಕೊಡೋ ಒಬ್ಳು ಹುಡುಗಿ. ಒಬ್ಬ ದಿನಾ ಅಲ್ಲಿ ಟೀ ಕುಡಿದು ಆಚೆ ದಡಕ್ಕೆ ಹೋಗ್ತಾನೆ."

"ಆಮೇಲೆ?"

"ಆಮೇಲೆ ಒಂದಿನ ಆ ಕಡೇನೇ ಉಳ್ಕೊಳ್ತಾನೆ. ಅಷ್ಟೇ."

"ಫೈಟ್ ಇಲ್ವಾ?"

"ಇದೆ. ಕಾಣಿಸಲ್ಲ."

ಆ ಪಿಕ್ಚರನ್ನು ಅವಳು ಎಷ್ಟೋ ಸಲ ನೋಡಿದ್ದಳು, ಒಬ್ಬರಿಗೂ ಹೇಳಿರಲಿಲ್ಲ. ಕೋಲು ಕೊಟ್ಟು ಹೊಡೆಸಿಕೊಳ್ಳುವುದು ಎಂದರೆ ಇದೇ ಎಂದು ಅವಳಿಗೂ ಗೊತ್ತು. ಆದರೂ ಒಂದು ಆಸೆ. ತಾನು ಬಾಯಿಬಿಟ್ಟು ಹೇಳಲಾರದ್ದು ಆ ಟೀ ಅಂಗಡಿಯ ಹುಡುಗಿಯನ್ನು ನೋಡಿಯಾದರೂ ಇವನ ತಲೆಗೆ ಹೋದೀತೇನೋ ಎಂದು. ಅವನು ಹೋದ ಮೇಲೆ ನಾಲ್ಕು ದಿನ ಮೇಘಶ್ರೀ ಗಿರಾಕಿಗಳ ಮೂಗಿನ ಮೇಲೆ ಕನ್ನಡಕ ಇಡುವಾಗಲೆಲ್ಲ ಬಾಗಿಲ ಕಡೆಗೇ ನೋಡುತ್ತಿದ್ದಳು. ಅವನು ಬರಲಿಲ್ಲ. ಅಂಗಡಿಯಲ್ಲಿ ಮದುವೆ ಸೀಸನ್ನಿನ ವ್ಯಾಪಾರ, ಪುರುಸೊತ್ತಿಲ್ಲ ಎಂದು ಮೆಸೇಜ್ ಬಂತು.

ಸೋಮವಾರ ಸಂಜೆ ಚಿದಾನಂದ್ ಬಂದ, ಮುಖದ ತುಂಬ ನಗು. ಬೈ-ಟು ಹೇಳಿ, ಕಾಫಿ ಬರುವ ಮೊದಲೇ ಶುರು ಮಾಡಿದ.

"ಸಖತ್ ಹುಡುಗಿ ಗುರು. ಉಮಾಮಹೇಶ್ವರಿ ಅಂತ ಹೆಸರು, ಉಮಾ ಅಂತಾರೆ. ನಿನ್ನ ಪಿಕ್ಚರ್ ಹೆಸರು ಹೇಳ್ದೆ ನೋಡು, ಅರ್ಧ ನಿಮಿಷ ಮಾತೇ ಆಡ್ಲಿಲ್ಲ. ಆಮೇಲೆ ಕೇಳಿದ್ಲು, ಇದನ್ನ ಹೊಸಬರಿಗೆ ಯಾರೂ ಹೇಳಲ್ವಲ್ಲ, ನಿಮಗೆ ಹೇಳಿದ್ದು ಯಾರು ಅಂತ."

ಮೇಘಶ್ರೀ ತಟ್ಟನೆ ಕೇಳಿದಳು, "ನೀನೇನಂದೆ?"

"ಫ್ರೆಂಡು, ಪಕ್ಕದಂಗಡಿಯವಳು ಅಂದೆ. ಅದಕ್ಕವಳು ಏನಂದ್ಲು ಗೊತ್ತಾ? ನಂಗೆ ನೀವು ಒಪ್ಪಿಗೆ, ಆದ್ರೆ ನಿಮ್ಮ ಫ್ರೆಂಡ್‌ನ ಒಂದು ಮಾತು ಕೇಳ್ಕೊಂಡು ಬನ್ನಿ, ಆಮೇಲೇ ನಾನು ಮನೇಲಿ ಹೂಂ ಅನ್ನೋದು ಅಂದ್ಲು. ಏನು ಕೇಳ್ಬೇಕು ಅಂದ್ರೆ, ಅದನ್ನೂ ನಾನೇ ಹೇಳಿಕೊಡ್ಬೇಕಾ ಅಂದು ಕೆಳಗಿಳಿದು ಹೋಗ್ಬಿಟ್ಲು."

ಕಾಫಿ ಬಂತು. ಕಂಡು ಕೇಳರಿಯದ ಒಬ್ಬ ಹುಡುಗಿ ಕತ್ರಿಗುಪ್ಪೆಯ ಮಹಡಿಯ ಮೇಲೆ ನಿಂತು ಅರ್ಧ ನಿಮಿಷದಲ್ಲಿ ಓದಿಕೊಂಡದ್ದನ್ನು, ಇಷ್ಟು ವರ್ಷ ಎದುರಿಗೇ ನಿಂತು ಕಾಫಿ ಕುಡಿದವನು ಈಗಲಾದರೂ ಓದಿಯಾನು. ಮೇಘಶ್ರೀ ಲೋಟ ಮುಟ್ಟದೆ ಅವನ ಮುಖವನ್ನೇ ನೋಡಿದಳು.

"ಹಾಗಿದ್ರೆ ಕೇಳು," ಅಂದಳು.

ಚಿದಾನಂದ್ ತಲೆ ಕೆರೆದುಕೊಂಡ. ನಿಜವಾಗಿಯೂ ಯೋಚನೆ ಮಾಡಿದ.

"ಸರಿ, ಹೇಳು," ಅಂದ. "ಮುಂದಿನ ಪಿಕ್ಚರ್ ಯಾವುದು ನೋಡ್ಲಿ?"

ಬೀದಿಯಲ್ಲಿ ಹೂವಿನವಳು ಮೊಳ ಹಾಕುತ್ತಿದ್ದಳು. ಮೇಘಶ್ರೀ ಆ ಕಡೆ ನೋಡುತ್ತಲೇ ಹೇಳಿದಳು,

"ಇನ್ಮೇಲೆ ಅದನ್ನ ಉಮಾ ಹೇಳ್ತಾಳೆ."

"ಹಂಗಾದ್ರೆ ಕೇಳ್ದೆ ಅಂತ ಮೆಸೇಜ್ ಹಾಕ್ಬಿಡ್ಲಾ?"

"ಹಾಕು."

ಅವನು ಹಾಕಿದ. ಅವಳ ಕಾಫಿ ಮುಟ್ಟದೇ ಆರಿ ಕೆನೆಗಟ್ಟಿದ್ದನ್ನು ಕಂಡು, "ತಣ್ಣಗಾಯ್ತಲ್ಲೇ. ಇನ್ನೊಂದು ಬೈ-ಟು ಹೇಳ್ತೀನಿ ಇರು," ಎಂದು ಕೌಂಟರಿನ ಕಡೆ ತಿರುಗಿದ.

"ಬೇಡ ಚಿದು," ಅಂದಳು ಮೇಘಶ್ರೀ. "ಒಂದು ಫುಲ್ ಹೇಳ್ಕೋ."