ಔಷಧಿ ಸಿಗದ ಪಂಜರ

ಔಷಧಿ ಸಿಗದ ಪಂಜರದ ಇಲಿಗಳ ಮೇಲೆ ತನಗೆ ಕನಿಕರ ಅತಿಯಾಯಿತೇನೋ ಎಂದು ಭಾರ್ಗವಿಗೆ ಒಳಗೊಳಗೇ ಅಳುಕು. ಒಂದೆಲಗ ನೆನಪಿನ ಶಕ್ತಿ ಹೆಚ್ಚಿಸುತ್ತದೆಯೇ ಎಂಬುದು ಅವಳ ಸಂಶೋಧನೆ. ಒಂದು ಪಂಜರಕ್ಕೆ ದಿನವೂ ಒಂದೆಲಗದ ರಸ, ಇನ್ನೊಂದಕ್ಕೆ ಬರೀ ನೀರು, ಕಾಳು.

ಪರೀಕ್ಷೆಯ ದಿನ ಎರಡೂ ಪಂಜರದ ಇಲಿಗಳು ಸುತ್ತುಬಳಸಿನ ದಾರಿಯನ್ನು ನೆನಪಿಟ್ಟುಕೊಂಡು ಒಂದೇ ವೇಗದಲ್ಲಿ ಓಡಿ ಗುರಿ ಮುಟ್ಟಿದವು.

"ನೋಡು ಮಾರಾಯ್ತಿ, ರಸ ಕುಡಿಯದವೂ ಅಷ್ಟೇ ಜಾಣ! ನಿನ್ನ ಒಂದೆಲಗ ದಂಡ. ಇಷ್ಟು ವರ್ಷದ ಕೆಲಸ ಕಟ್ಟಿಡು, ಬೇರೆ ಗಿಡ ಹುಡುಕು," ಎಂದರು ಮಾರ್ಗದರ್ಶಕರು.

"ಹಾಗಲ್ಲ ಸರ್..."

"ಮತ್ತೆ ಹೇಗೆ? ಬಾಯಿ ಬಿಟ್ಟು ಹೇಳು!"

ಅವಳು ಊಟದ ಡಬ್ಬಿಯನ್ನು ಎದೆಗವಚಿಕೊಂಡಳು.

"ಪಾಪ ಅನ್ನಿಸಿ ದಿನಾ ನನ್ನ ಊಟದಲ್ಲಿ ಅರ್ಧ ಅವಕ್ಕೇ ಹಾಕ್ತಿದ್ದೆ ಸರ್. ಅಮ್ಮ ಕಟ್ಟಿಕೊಡೋದು ಒಂದೆಲಗದ ಚಟ್ನಿ, ಅನ್ನ."